ಅಕ್ಕತಂಗಿ ಚಿತ್ರಕ್ಕೆ ಬ್ಲೇಡ್ ಹಾಕಿದ್ದು ಯಾರು?

ದೀಪ ಆರಿಸಿ ಬರೋಣವೆಂದು ಗ್ಯಾಲರಿಯೊಳಗೆ ಹೋದೆ. ಸ್ವಿಚ್ಚಿನ ಮೇಲಿಟ್ಟ ಕೈ ಅಲ್ಲೇ ನಿಂತಿತು.

ಎದುರು ಗೋಡೆಯ ದೊಡ್ಡ ಚಿತ್ರದಲ್ಲಿ ಬೆಂಕಿಯಮ್ಮನ ಮುಖವಿರಲಿಲ್ಲ.

ಮುಖವಿದ್ದ ಕಡೆ ಒಂದು ತೂತು. ತೂತಿನೊಳಗೆ, ಚಿತ್ರ ಅಂಟಿಸಿದ್ದ ಹಲಗೆಯ ಹಳದಿ ಬಣ್ಣ. ಅದರ ಕೆಳಗೆ ಕಪ್ಪು ಮಸಿ—ಎದೆಯ ಮೇಲೆ, ಸೆರಗಿನ ಮೇಲೆ, ಚಿತ್ರದ ತಳದಲ್ಲಿ ಉದ್ದಕ್ಕೂ. ಸ್ವಲ್ಪ ಹೊತ್ತಿನ ಮುಂಚೆ ಇದೇ ಚಿತ್ರದ ಎದುರು ನಾವೆಲ್ಲ ನಿಂತಿದ್ದೆವು. ಹೊರಗೆ ಅಂಗಳದಲ್ಲಿ ಟೀ ಕಪ್ಪುಗಳ ಸದ್ದು, ಯಾರದೋ ನಗು ಇನ್ನೂ ಕೇಳುತ್ತಿತ್ತು.

ನಾನು ಓಡಲಿಲ್ಲ, ಕೂಗಲಿಲ್ಲ. ಪಕ್ಕದ ಕೋಣೆಗೆ ಹೋಗಿ ನನ್ನ ಕೆಲಸದ ಮೇಜು ನೋಡಿದೆ. ಚಿತ್ರಗಳ ಹೆಸರು ಬರೆಯಲು ಇಟ್ಟುಕೊಂಡಿದ್ದ ಮಸಿಯ ಬಾಟಲಿ ಖಾಲಿ. ಅಗಲ ಬ್ರಷ್ ಒದ್ದೆ. ರಟ್ಟು ಕತ್ತರಿಸುವ ಬ್ಲೇಡ್ ಮುಚ್ಚಳ ತೆರೆದು ಬಿದ್ದಿತ್ತು. ಅವುಗಳ ಪಕ್ಕದಲ್ಲಿ ಇರಬೇಕಾಗಿದ್ದ ಕಂದು ಲಕೋಟೆ ಇರಲಿಲ್ಲ. ಲಕೋಟೆಯೊಳಗೆ ಆ ಚಿತ್ರದ ಮೂಲ ನೆಗೆಟಿವ್ ಇತ್ತು. ಇಡೀ ಲೋಕದಲ್ಲಿ ಇದ್ದದ್ದು ಅದೊಂದೇ.

ಮೇಜಿನ ಕೆಳಗೂ ಖಾನೆಗಳಲ್ಲೂ ಹುಡುಕಿದೆ; ಇರಲಿಲ್ಲ.

ನಾನು ಆ ಗ್ಯಾಲರಿಯ ಉಸ್ತುವಾರಿ. ಹಳೆಯ ಪತ್ರಿಕಾ ಚಿತ್ರಗಳನ್ನು ಹುಡುಕಿ, ದೊಡ್ಡದಾಗಿ ಮುದ್ರಿಸಿ, ಒಂದೊಂದರ ಹಿಂದಿನ ಕಥೆಯನ್ನು ಪಕ್ಕದಲ್ಲಿ ಬರೆದು ತೂಗುಹಾಕಿದ್ದೆ. ಮುರಿದುಬಿದ್ದ ಸೇತುವೆಯ ತುದಿಯಲ್ಲಿ ಸೈಕಲ್ ನಿಲ್ಲಿಸಿಕೊಂಡು ಕೆಳಗೆ ಇಣುಕುತ್ತಿರುವ ಮನುಷ್ಯ. ಯುದ್ಧ ಮುಗಿದು ಮನೆಗೆ ಬಂದ ಅಪ್ಪನನ್ನು ಗುರುತಿಸದೆ ಬಾಗಿಲ ಹಿಂದೆ ಅಡಗಿದ ಮಗಳು. ಅವೆಲ್ಲಕ್ಕಿಂತ ಹೆಸರುವಾಸಿಯಾದದ್ದು ‘ಅಕ್ಕತಂಗಿ’. ಶರ್ಟು ಹೊಲಿಯುವ ಫ್ಯಾಕ್ಟರಿಗೆ ಬೆಂಕಿ ಬಿದ್ದಾಗ ತೆಗೆದ ಚಿತ್ರ ಅದು. ಹೊಗೆಯಿಂದ ಹೆಂಗಸರು ಓಡಿ ಬರುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಒಬ್ಬಾಕೆ, ಬೆನ್ನ ಮೇಲೆ ಪ್ರಜ್ಞೆ ತಪ್ಪಿದ ತಂಗಿ. ತಂಗಿಯ ಕೆನ್ನೆ ಅಕ್ಕನ ಕೆನ್ನೆಗೆ ಒರಗಿದೆ. ಆ ಅಕ್ಕನೇ ಬೆಂಕಿಯಮ್ಮ. ಚಿತ್ರ ಪಠ್ಯಪುಸ್ತಕ ಸೇರಿ, ಅಂಚೆಚೀಟಿಯಾಗಿ, ಆಕೆಯ ನಿಜವಾದ ಹೆಸರು ಊರಿಗೆಲ್ಲ ಮರೆತೇ ಹೋಗಿತ್ತು.

ಮರುದಿನ ಬೆಳಿಗ್ಗೆ ಪ್ರದರ್ಶನದ ಉದ್ಘಾಟನೆ. ಉದ್ಘಾಟಿಸಬೇಕಾದವರು ಬೆಂಕಿಯಮ್ಮನೇ. ಹಿಂದಿನ ಸಂಜೆ ಬೇಕಾದವರಿಗೆ ಮಾತ್ರ ಒಮ್ಮೆ ತೋರಿಸಿ, ಅಂಗಳದಲ್ಲಿ ಟೀ ಕೊಟ್ಟಿದ್ದೆ. ಬಂದ ಅತಿಥಿಗಳು ಬೆರಳೆಣಿಕೆಯಷ್ಟು. ಅಂದರೆ ಕಳ್ಳ ಎಲ್ಲೋ ದೂರದಲ್ಲಿರಲಿಲ್ಲ. ನನ್ನ ಕಪ್ಪಿನಲ್ಲೇ ಟೀ ಕುಡಿಯುತ್ತಿದ್ದ.

ಹೊರಗೆ ಹೋಗಿ ನಮ್ಮ ಅತ್ತೆಯ ಕಿವಿಯಲ್ಲಿ ಹೇಳಿದೆ.

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಪೊಲೀಸ್ ಇಲಾಖೆಯ ಅಪರಾಧ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ನಮ್ಮ ಮನೆಯಲ್ಲೇ ಇದ್ದಾರೆ. ಫ್ರಿಜ್ಜಿನಿಂದ ಒಂದು ತುಂಡು ಕೇಕ್ ಮಾಯವಾದರೂ ಅಲ್ಲಿ ತನಿಖೆ ನಡೆಯುತ್ತದೆ. ಮತ್ತು ಅಪರಾಧಿ ಬಹುಪಾಲು ನಾನೇ ಆಗಿರುತ್ತೇನೆ.

ಅವರು ಕಪ್ಪು ಕೆಳಗಿಟ್ಟರು. “ಅಳಿಯಂದ್ರೇ, ಮುಖ ಸರಿ ಮಾಡ್ಕೊಳ್ಳಿ. ಯಾರನ್ನೂ ಹೊರಗೆ ಬಿಡಬೇಡಿ. ಇನ್ನೊಂದು ಸಲ ಟೀ ತರ್ಸಿ.”

ಆದರೆ ಸುದ್ದಿಗೆ ನನಗಿಂತ ಕಾಲು ಚುರುಕು. ಐದೇ ನಿಮಿಷದಲ್ಲಿ ಎಲ್ಲರೂ ಚಿತ್ರದ ಮುಂದಿದ್ದರು.

ಮೊದಲು ಬಾಯಿ ತೆರೆದವರು ಚಿಕ್ಕ ಯಜಮಾನರು—ಸುಟ್ಟುಹೋದ ಆ ಫ್ಯಾಕ್ಟರಿಯ ಯಜಮಾನರ ಮಗ. ಪ್ರದರ್ಶನದ ಖರ್ಚೆಲ್ಲ ಅವರದೇ.

“ಇದ್ರಲ್ಲಿ ಹುಡುಕೋದೇನಿದೆ? ಹಿತ್ತಲ ಮೆಟ್ಟಿಲ ಮೇಲೆ ಬೀಗದಣ್ಣ ಕೂತಿದಾನೆ. ಈಗಷ್ಟೇ ನೋಡಿದೆ.”

ಬೀಗದಣ್ಣ ಆ ಫ್ಯಾಕ್ಟರಿಯ ಗೇಟು ಕಾಯುತ್ತಿದ್ದವನು. ಬೆಂಕಿಯ ದಿನ ಗೇಟಿಗೆ ಬೀಗ ಹಾಕಿತ್ತು, ಕೀಲಿ ಮೇಲಿನವರ ಹತ್ತಿರ ಇತ್ತು, ಆದ್ದರಿಂದಲೇ ಅಷ್ಟು ಜನ ಸತ್ತರು ಎಂದು ಅವನು ವಿಚಾರಣೆಯಲ್ಲಿ ಹೇಳಿದ್ದ. ಇನ್ನೂ ಕೆಲವು ಹೆಂಗಸರು ಹಾಗೇ ಹೇಳಿದರು. ಆದರೆ ಚಿತ್ರದಲ್ಲಿ ಹೆಂಗಸರು ಅಡ್ಡಿಯಿಲ್ಲದೆ ಓಡಿ ಬರುತ್ತಿದ್ದರು. ಎದುರಿಗೆ ಗೇಟೂ ಇಲ್ಲ, ಬೀಗವೂ ಇಲ್ಲ. ಚಿತ್ರದಲ್ಲಿದ್ದ ಬೆಂಕಿಯಮ್ಮನೇ ಬಂದು ಗೇಟು ತೆರೆದಿತ್ತು ಎಂದರು. ಉಳಿದವರಿಗೆ ಹೊಗೆಯಲ್ಲಿ ಕಣ್ಣು ಕಂಡಿರಲಿಕ್ಕಿಲ್ಲ ಎಂದಾಯಿತು. ಕಾವಲುಗಾರ ಕುಡಿದು ಮಲಗಿದ್ದ, ನೂಕುನುಗ್ಗಲಾಗಿ ಜನ ಸತ್ತರು, ತಪ್ಪು ಮುಚ್ಚಿಕೊಳ್ಳಲು ಬೀಗದ ಕಥೆ ಕಟ್ಟಿದ ಎಂದು ತೀರ್ಪಾಯಿತು. ಅವನು ಜೈಲಿಗೆ ಹೋದ. ಹೊರಗೆ ಬರುವಷ್ಟರಲ್ಲಿ ಹೆಸರು ಬೀಗದಣ್ಣ ಎಂದಾಗಿತ್ತು. ಪ್ರದರ್ಶನದ ಸುದ್ದಿ ಬಂದಾಗಿನಿಂದ ದಿನವೂ ಬಂದು, “ಪೂರ್ತಿ ಚಿತ್ರ ಹಾಕ್ತೀರಂತೆ, ಒಂದ್ಸಲ ನೋಡ್ತೀನಿ,” ಎನ್ನುತ್ತಿದ್ದ. ನಾಳೆ ಬಾ ಎನ್ನುತ್ತಿದ್ದೆ.

ಸಬ್‌ಇನ್ಸ್‌ಪೆಕ್ಟರ್ ಬಂದ. ಅತ್ತೆಯೇ ಫೋನ್ ಮಾಡಿ ಕರೆಸಿದ್ದರು. ಅವನು ಬೀಗದಣ್ಣನನ್ನು ತೋಳು ಹಿಡಿದು ಒಳಗೆ ತಂದ.

“ನಾನು ಮೆಟ್ಟಿಲು ಬಿಟ್ಟು ಏಳಲೇ ಇಲ್ಲ ಸ್ವಾಮಿ.”

“ಕೈ ತೋರ್ಸು.” ಕೈಯಲ್ಲಿ ಮಸಿಯಿರಲಿಲ್ಲ.

“ತೊಳ್ಕೊಂಡಿರ್ತಾನೆ,” ಎಂದರು ಚಿಕ್ಕ ಯಜಮಾನರು. “ಆ ಚಿತ್ರದ ಮೇಲೆ ಇವನಿಗಿರೋ ಸಿಟ್ಟು ಊರಿಗೇ ಗೊತ್ತು.”

ನನಗೂ ಹಾಗೇ ಅನ್ನಿಸಿತು. ಅಷ್ಟು ವರ್ಷದ ಸಿಟ್ಟು ಒಂದು ಬ್ಲೇಡ್ ಕಂಡಾಗ ಏನು ತಾನೇ ಮಾಡದು?

ಸಬ್‌ಇನ್ಸ್‌ಪೆಕ್ಟರ್ ಅತ್ತೆಯ ಕೈಕೆಳಗೆ ಕೆಲಸ ಕಲಿತವನು. ಅವನು ಅವರತ್ತ ನೋಡಿದ.

“ಮೇಡಂ, ಕರ್ಕೊಂಡು ಹೋಗ್ಲಾ?”

“ಆಫೀಸ್ ರೂಮಲ್ಲಿ ಕೂರ್ಸಪ್ಪ. ಒಂದು ಕಪ್ ಟೀ ಕೊಡು. ನನ್ನ ಮಂಡಿನೋವು ಏರೋದ್ರೊಳಗೆ ಮುಗಿಸ್ತೀನಿ.”

ಆಮೇಲೆ ಅವರು ಚಿತ್ರದ ಮುಂದೆ ಒಂದು ಸ್ಟೂಲ್ ಹಾಕಿಕೊಂಡು ಕುಳಿತರು. ಓದುವ ಕನ್ನಡಕ ಏರಿಸಿದರು. ತೂತನ್ನು ನೋಡಿದರು, ಅದರ ಅಂಚಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ನಂತರ ಬಗ್ಗಿ, ತಳದ ಮಸಿಯನ್ನು ಬೆರಳಲ್ಲಿ ಮುಟ್ಟಿದರು.

“ಈ ಚಿತ್ರ ಮೊದಲು ಎಲ್ಲ ಕಡೆ ಹಿಂಗೇ ಇತ್ತಾ ಅಳಿಯಂದ್ರೇ?”

“ಇಲ್ಲ. ಪೇಪರಲ್ಲಿ, ಪುಸ್ತಕದಲ್ಲಿ ಎಲ್ಲ ಕಡೆ ಕೆಳಭಾಗ ಕತ್ತರಿಸಿ ಹಾಕಿದಾರೆ. ಪೂರ್ತಿಯಾಗಿ ಮುದ್ರಿಸಿದ್ದು ಇದೇ ಮೊದಲು.”

“ಕೆಳಗೆ ಏನಿತ್ತು?”

“ಏನಿಲ್ಲ. ಬರೀ ನೆಲ. ಪಟ್ಟೆ ಪಟ್ಟೆ ನೆರಳಿತ್ತು. ಪಕ್ಕದಲ್ಲಿ ಒಂದು ಮರದ ನೆರಳೋ ಏನೋ.”

“ಹೂಂ,” ಎಂದರು. ಆ ‘ಹೂಂ’ ನನಗೆ ಗೊತ್ತು. ಕೇಕಿನ ಬಗ್ಗೆ ಕೇಳುವ ಮುಂಚೆಯೂ ಹಾಗೇ ಅನ್ನುತ್ತಾರೆ.

ಮೊದಲು ಕರೆದದ್ದು ಚಿಕ್ಕ ಯಜಮಾನರನ್ನು.

“ಟೀ ಕುಡಿಯೋವಾಗ ಎಲ್ಲಿದ್ರಿ?”

“ಅಂಗಳದಲ್ಲೇ. ಒಂದ್ಸಲ ಫೋನ್ ಮಾಡೋಕೆ ಆಫೀಸ್ ರೂಮಿಗೆ ಹೋಗಿದ್ದೆ.”

“ಆಫೀಸ್ ರೂಮಿಂದ ಗ್ಯಾಲರಿಗೆ ಬಾಗಿಲಿದೆ.”

“ಇರ್ಬಹುದು. ನಾನೇ ದುಡ್ಡು ಕೊಟ್ಟು ಹಾಕಿಸಿದ ಚಿತ್ರಾನ ನಾನೇ ಹರಿಯೋಕೆ ನನಗೇನು ತಲೆ ಕೆಟ್ಟಿದ್ಯಾ?”

“ಪೊಲೀಸರನ್ನ ಕರೆಯೋದು ಬೇಡ ಅಂತ ಅಳಿಯಂದ್ರಿಗೆ ಹೇಳಿದ್ರಂತೆ.”

“ನಾಳೆ ಉದ್ಘಾಟನೆ ಇದೆಯಲ್ಲ ಅಮ್ಮ. ಪುಸ್ತಕದಲ್ಲಿರೋ ಚಿತ್ರಾನೇ ದೊಡ್ಡದು ಮಾಡಿ ಅಂಟಿಸಿದ್ರೆ ಆಯ್ತು. ಯಾರಿಗೆ ಗೊತ್ತಾಗುತ್ತೆ?” ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. “ಆ ಚಿತ್ರ ಇಲ್ದಿದ್ರೆ ನಮ್ಮಪ್ಪ ಜೈಲಲ್ಲಿ ಸಾಯ್ತಿದ್ರು. ಅದಕ್ಕೆ ನಾನು ಕೈ ಮುಗೀತೀನಿ, ಬ್ಲೇಡ್ ಹಾಕಲ್ಲ.”

“ಇವತ್ತು ಪೂರ್ತಿ ಚಿತ್ರ ನೋಡಿದ್ರಲ್ಲ. ಕೆಳಗಡೆ ಏನು ಕಾಣಿಸ್ತು?”

“ಕೆಳಗಡೆ? ನನ್ನ ಹೆಸರಿನ ಬೋರ್ಡ್ ಚಿಕ್ಕದಾಯ್ತು ಅನ್ನಿಸ್ತು.”

ಅತ್ತೆ ಅವರನ್ನು ಕಳಿಸಿದರು. “ಪುಸ್ತಕದ ಚಿತ್ರಾನೇ ಸಾಕು ಅನ್ನೋದು ಬೇಗ ಬಂತು ಬಾಯಲ್ಲಿ,” ಎಂದೆ ನಾನು. ಅವರು ಮುಂದಿನವರನ್ನು ಕರೆಯಲು ಹೇಳಿದರು.

ಎರಡನೆಯವರು ಹಲ್ಲಿನ ಡಾಕ್ಟರ್. ಚಿತ್ರ ತೆಗೆದ ಫೋಟೋಗ್ರಾಫರ್ ತೀರಿಕೊಂಡು ವರ್ಷವಾಗಿತ್ತು. ಈಕೆ ಅವರ ಒಬ್ಬಳೇ ಮಗಳು. ನೆಗೆಟಿವ್‌ಗಳನ್ನೆಲ್ಲ ನಮಗೆ ಕೊಟ್ಟದ್ದು ಆಕೆಯೇ. ನಾನು ದೀಪ ಆರಿಸಲು ಹೋಗುವಾಗ ಗ್ಯಾಲರಿಯ ಬಾಗಿಲ ಬಳಿ ಆಕೆಯೊಬ್ಬಳೇ ನಿಂತಿದ್ದಳು; ನನ್ನನ್ನು ಕಂಡು ಸರಕ್ಕನೆ ಸರಿದುಹೋಗಿದ್ದಳು. ಅದನ್ನು ಅತ್ತೆಗೆ ಹೇಳಿದ್ದೆ. ಇನ್ನೊಂದನ್ನೂ ಹೇಳಿದ್ದೆ—ತೂತಿನ ಅಂಚು ಎಷ್ಟು ನವಿರಾಗಿತ್ತೆಂದರೆ, ಬ್ಲೇಡ್ ಹಿಡಿದ ಕೈಗೆ ಸಣ್ಣ ಕೆಲಸ ಚೆನ್ನಾಗಿ ಅಭ್ಯಾಸವಿರಬೇಕು. ಹಲ್ಲಿನ ಡಾಕ್ಟರ್ ಕೈಯಂತೆ.

“ಬಾಗಿಲ ಹತ್ರ ಏನು ಮಾಡ್ತಿದ್ರಿ?”

“ಒಳಗೆ ಹೋಗಿ ಇನ್ನೊಂದು ಸಲ ನೋಡೋಣ ಅಂತ ಬಂದೆ. ಹೋಗಲಿಲ್ಲ.”

“ಯಾಕೆ?”

ಆಕೆ ಕೈಚೀಲದ ಕೊಂಡಿಯನ್ನು ತೆರೆಯುತ್ತ ಮುಚ್ಚುತ್ತ ಕುಳಿತಳು.

“ಪೂರ್ತಿ ಹಾಕಿ, ಒಂದಿಂಚೂ ಕತ್ತರಿಸಬೇಡಿ ಅಂತ ನಮ್ಮಳಿಯನ ಹತ್ರ ಮೂರ್ನಾಲ್ಕು ಸಲ ಹೇಳಿದ್ರಂತೆ. ಇಷ್ಟು ವರ್ಷ ನಿಮ್ಮಪ್ಪನೇ ಕತ್ತರಿಸಿ ಕೊಡ್ತಿದ್ರಲ್ಲ?”

“ಅಪ್ಪ ಕೊನೇಲಿ ಹಾಗೆ ಹೇಳಿದ್ರು. ಅದಕ್ಕೆ.”

“ಏನು ಹೇಳಿದ್ರು?”

“ಪೂರ್ತಿ ತೋರಿಸ್ಬಿಡು ಅಂತ.”

“ಅಷ್ಟೇನಾ?”

“ಅಷ್ಟೇ,” ಎಂದಳು. ಕೊಂಡಿ ಮತ್ತೆ ಟಕ್ ಎಂದಿತು. ಸುಳ್ಳು ಹೇಳಿ ರೂಢಿಯಿಲ್ಲದವರ ಮುಖ ಅದು. ಅತ್ತೆ ಒತ್ತಾಯಿಸಲಿಲ್ಲ. ನನಗೆ ಮಾತ್ರ ಸಂಶಯ ಗಟ್ಟಿಯಾಯಿತು. ಆ ಚೀಲ ತೆರೆಸಿ ನೋಡಬಾರದೇ?

ಕೊನೆಗೆ ಬಂದವರು ಬೆಂಕಿಯಮ್ಮ ಮತ್ತು ಅವರ ತಂಗಿ. ಅಕ್ಕ ಬೆನ್ನ ಮೇಲೆ ಹೊತ್ತು ತಂದ ಆ ತಂಗಿಯೇ. ಈಗ ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಬೆಂಕಿಯ ನಂತರ ಯಜಮಾನರು ಅಕ್ಕನನ್ನು ಹೊಸ ಘಟಕದಲ್ಲಿ ಬಟ್ಟೆ ಕತ್ತರಿಸುವವರ ಮೇಲ್ವಿಚಾರಕಿ ಮಾಡಿದ್ದರು, ಇರಲು ಮನೆ ಕೊಟ್ಟಿದ್ದರು. ತಂಗಿ ಆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಇಬ್ಬರೂ ಮದುವೆಯಾಗಿರಲಿಲ್ಲ.

ಮಾತೆಲ್ಲ ತಂಗಿಯದೇ. “ಯಾವ ಪಾಪಿ ಮಾಡಿದ್ನೋ. ಬರಲ್ಲ ಬರಲ್ಲ ಅಂತಿದ್ಲು ಇವಳು. ನಾನೇ ಎಳ್ಕೊಂಡು ಬಂದೆ. ಹೊಸ ಬ್ಲೌಸ್ ಹೊಲ್ಕೊಟ್ಟು, ನಿನ್ನ ಚಿತ್ರಾನ ನೀನು ನೋಡದೆ ಇನ್ಯಾರು ನೋಡ್ಬೇಕೆ ಅಂತ.”

“ಟೀ ಹೊತ್ತಲ್ಲಿ ಇಬ್ರೂ ಜೊತೆಗೇ ಇದ್ರಾ?” ಎಂದು ಕೇಳಿದರು ಅತ್ತೆ.

“ಇದ್ವಲ್ಲ. ಮಧ್ಯದಲ್ಲಿ ಇವಳು ಕೈ ತೊಳ್ಕೊಂಡು ಬರ್ತೀನಿ ಅಂತ ಹೋದ್ಲು. ನಾನೂ ಬರ್ಲಾ ಅಂದ್ರೆ ಬೇಡ ಅಂದ್ಲು. ಇವಳು ಯಾವಾಗ್ಲೂ ಹಂಗೇ, ಯಾರಿಗೂ ತೊಂದ್ರೆ ಕೊಡಲ್ಲ.”

ಬೆಂಕಿಯಮ್ಮ ನೆಲ ನೋಡುತ್ತಿದ್ದರು. “ನನ್ನ ಮುಖ ಯಾರಿಗೆ ಏನು ಮಾಡಿತ್ತೋ,” ಎಂದರು ಮೆಲ್ಲಗೆ.

“ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಇಲ್ಲ. ಆ ಕಾವಲಿನವನ್ನ ಬಿಟ್ಬಿಡಿ. ಅವನಲ್ಲ.”

“ಹೇಗೆ ಗೊತ್ತು?”

“ಗೊತ್ತಿಲ್ಲ. ಬಿಟ್ಬಿಡಿ ಅಷ್ಟೇ. ವಯಸ್ಸಾಗಿದೆ ಅವನಿಗೆ.”

ಅವರ ದೊಡ್ಡ ಮನಸ್ಸು ಕಂಡು ನಾನೇ ಎದ್ದು ಅವರಿಗೆ ಬಾಗಿಲು ತೆರೆದೆ.

ಅವರು ಹೋದ ಮೇಲೆ ಅತ್ತೆ ನನ್ನತ್ತ ತಿರುಗಿದರು. “ಇಷ್ಟು ದೊಡ್ಡ ಚಿತ್ರ ಒಂದೇ ಸಲಕ್ಕೆ ಸರಿಯಾಗಿ ಬರುತ್ತಾ?”

“ಎಲ್ಲಿ ಬರುತ್ತೆ. ಮೊದಲು ಸಣ್ಣ ಸಣ್ಣ ಕಾಗದದ ಮೇಲೆ ಅಲ್ಲಲ್ಲಿ ಪರೀಕ್ಷೆ ಮಾಡ್ತೀನಿ. ಕಪ್ಪು ಜಾಸ್ತಿಯಾಯ್ತಾ, ಬಿಳಿ ಜಾಸ್ತಿಯಾಯ್ತಾ ಅಂತ.”

“ಆ ಕಾಗದ ಏನು ಮಾಡ್ತೀರಿ?”

“ಬುಟ್ಟಿಗೆ ಹಾಕ್ತೀನಿ.”

“ಬುಟ್ಟಿ ಖಾಲಿ ಮಾಡಿದೀರಾ?”

ನಾನು ಅವರ ಮುಖ ನೋಡಿದೆ. ಮನೆಯಲ್ಲಿ ಕಸದ ಬುಟ್ಟಿ ಖಾಲಿ ಮಾಡುವುದಿಲ್ಲವೆಂದು ನನ್ನ ಮೇಲೆ ಹಳೆಯ ದೂರಿದೆ. ಆ ದುರಭ್ಯಾಸಕ್ಕೆ ಬೆಲೆ ಬಂದದ್ದು ಅದೊಂದೇ ಸಲ.

ಚಿತ್ರ ಮುದ್ರಿಸುವ ಕತ್ತಲೆ ಕೋಣೆಯ ಬುಟ್ಟಿಯನ್ನು ನೆಲದ ಮೇಲೆ ಸುರಿದೆವು. ಸುರುಳಿ ಸುತ್ತಿದ ಕಾಗದಗಳನ್ನು ಒಂದೊಂದಾಗಿ ಬಿಡಿಸಿದೆವು. ಹೊಗೆ. ಒಂದು ಮೊಣಕೈ. ಓಡುವ ಪಾದಗಳು. ಕೊನೆಗೆ ಸಿಕ್ಕಿತು—ಚಿತ್ರದ ತಳಭಾಗ. ಅತ್ತೆ ಅದನ್ನು ದೀಪದ ಕೆಳಗೆ ಹಿಡಿದು ನೋಡಿದರು. ನನ್ನ ಕೈಗೆ ಕೊಟ್ಟರು. ನನ್ನ ಮುಖವನ್ನೇ ನೋಡುತ್ತ ನಿಂತರು.

ಮೊದಲು ಕಂಡದ್ದು ಪಟ್ಟೆಗಳೇ. ನೆಲದ ಮೇಲೆ ಉದ್ದುದ್ದ ಕಪ್ಪು ಗೆರೆಗಳು.

“ಮರ ಎಲ್ಲಿದೆ, ತೋರ್ಸಿ,” ಎಂದರು ಅತ್ತೆ.

ನಾನು ತೋರಿಸಲು ಬೆರಳಿಟ್ಟೆ. ಬೆರಳನ್ನು ಹಿಂದಕ್ಕೆ ತೆಗೆಯಲು ಆಗಲಿಲ್ಲ.

“ಎಲ್ಲರನ್ನೂ ಕರೀರಿ,” ಎಂದರು ಅವರು. “ಬೀಗದಣ್ಣನನ್ನೂ.”

ಕುರ್ಚಿಗಳನ್ನು ಚಿತ್ರದ ಮುಂದೆ ಹಾಕಿಸಿದೆ. ಚಿಕ್ಕ ಯಜಮಾನರು ಗಡಿಯಾರ ನೋಡಿಕೊಂಡರು. ಡಾಕ್ಟರ್ ಚೀಲವನ್ನು ಮಡಿಲಲ್ಲಿ ಹಿಡಿದು ಕುಳಿತಳು. ಅಕ್ಕತಂಗಿಯರು ಒಂದೇ ಬೆಂಚಿನ ಮೇಲೆ. ಬೀಗದಣ್ಣ ಬಾಗಿಲ ಬಳಿ ನಿಂತ. ಕೂರು ಎಂದರೂ ಕೂರಲಿಲ್ಲ.

“ಈ ತೂತು ನೋಡಿದ ತಕ್ಷಣ ನಾವೆಲ್ಲ ಒಂದೇ ಪ್ರಶ್ನೆ ಕೇಳಿದ್ವಿ,” ಎಂದು ಅತ್ತೆ ಶುರುಮಾಡಿದರು. “ಬೆಂಕಿಯಮ್ಮನ ಮೇಲೆ ಯಾರಿಗೆ ದ್ವೇಷ? ಹಾಗೆ ಕೇಳ್ಲಿ ಅಂತಾನೇ ಇದನ್ನ ಮಾಡಿರೋದು. ಮಸಿ ನೋಡಿ. ಎದೆ ಮೇಲೆ ಬಳಿದಿರೋ ಮಸಿ ಇಳಿದಿದೆ. ಎಲ್ಲಿವರೆಗೆ? ಸೊಂಟದವರೆಗೆ. ಅಲ್ಲೇ ಒಣಗಿದೆ. ಹಾಗಾದ್ರೆ ತಳದಲ್ಲಿರೋ ಮಸಿ ಎಲ್ಲಿಂದ ಬಂತು?”

ನಾನು ನೋಡಿದೆ. ಸೊಂಟದಿಂದ ಕೆಳಗೆ ಹೆಂಗಸರ ಕಾಲುಗಳೆಲ್ಲ ಸ್ವಚ್ಛವಾಗಿದ್ದವು. ಅದಕ್ಕೂ ಕೆಳಗೆ ಮತ್ತೆ ಕಪ್ಪು. ಕಣ್ಣೆದುರಿಗಿದ್ದರೂ ಕಂಡಿರಲಿಲ್ಲ.

“ಅದು ಸುರಿದಿದ್ದಲ್ಲ. ಬ್ರಷ್ ಹಿಡಿದು, ಈ ತುದಿಯಿಂದ ಆ ತುದಿವರೆಗೂ ಬಳಿದಿರೋದು. ಎರಡು ಸಲ. ಒಂದು ಗೆರೆನೂ ಕಾಣಬಾರದು ಅಂತ. ಅಂದ್ರೆ ಬಂದವರಿಗೆ ಬೇಕಾಗಿದ್ದು ಮುಖ ಅಲ್ಲ, ನೆಲ. ಮುಖ ತೆಗೆದಿದ್ದು ನಮ್ಮ ಕಣ್ಣು ಮೇಲೇ ಇರ್ಲಿ ಅಂತ.”

“ನೆಲದಲ್ಲಿ ಏನಿದೆ ಅಮ್ಮ, ಚಿನ್ನ ಹೂತಿದ್ದಾರಾ?” ಎಂದರು ಚಿಕ್ಕ ಯಜಮಾನರು.

ಅತ್ತೆ ನನ್ನ ಕಡೆ ಕೈಚಾಚಿದರು. ಪರೀಕ್ಷೆಯ ಆ ಕಾಗದವನ್ನು ಕೊಟ್ಟೆ.

“ಅಳಿಯಂದ್ರು ಇದನ್ನ ಪಟ್ಟೆ ನೆರಳು ಅಂದ್ರು. ಕಂಬಿಗಳ ನೆರಳು ಇದು. ಬೆಳಗಿನ ಬಿಸಿಲು ಫೋಟೋಗ್ರಾಫರ್ ಬೆನ್ನಿಗಿತ್ತು. ಅವರ ಮುಂದೆ ಗೇಟಿತ್ತು. ಗೇಟಿನ ನೆರಳು ಒಳಗಡೆ, ಓಡಿ ಬರೋರ ಕಾಲ ಮುಂದೆ ಬಿದ್ದಿದೆ. ಎರಡೂ ಬಾಗಿಲಿನ ನೆರಳು. ಮಧ್ಯದಲ್ಲಿ ಸಂದಿಲ್ಲ. ಸಂದಿರಬೇಕಾದ ಕಡೆ ದಪ್ಪಗೆ ಸರಪಳಿ ನೆರಳಿದೆ, ಬೀಗ ಇದೆ. ಈ ಚಿತ್ರ ತೆಗೆದಾಗ ಗೇಟು ತೆರೆದಿರಲಿಲ್ಲ. ಕಂಬಿ ಸಂದಿಯಲ್ಲಿ ಕ್ಯಾಮೆರಾ ಇಟ್ಟು ತೆಗೆದಿದ್ದು.”

ಚಿಕ್ಕ ಯಜಮಾನರು ಮುಂದಕ್ಕೆ ಬಗ್ಗಿ ಕಾಗದ ನೋಡಿದರು.

“ಪಕ್ಕದಲ್ಲಿರೋದು ಮರ ಅಲ್ಲ. ಮನುಷ್ಯ. ಎರಡೂ ಕೈ ತಲೆಗಿಂತ ಮೇಲೆ ಎತ್ತಿದಾನೆ. ಕೈಯಲ್ಲಿ ಕಲ್ಲಿದೆ. ಬೀಗ ಒಡೀತಿದಾನೆ.”

ಬಾಗಿಲ ಬಳಿಯಿಂದ ಒಂದು ಸದ್ದು ಬಂತು. ಬೀಗದಣ್ಣ ಗೋಡೆ ಹಿಡಿದುಕೊಂಡಿದ್ದ.

“ಈಗ ಹೇಳಿ. ಇದು ಹೊರಗೆ ಬಂದ್ರೆ ಉದ್ಧಾರ ಆಗೋದು ಇವನೊಬ್ಬನೇ. ಇವನು ಇದಕ್ಕೆ ಮಸಿ ಬಳೀತಾನಾ? ಮುಚ್ಚಬೇಕು ಅನ್ನೋರು ಬೇರೆ. ಒಬ್ರು, ಇದ್ರಿಂದ ಯಾರ ಅಪ್ಪ ಜೈಲು ತಪ್ಪಿಸ್ಕೊಂಡ್ರೋ ಅವರು.”

“ನನಗೆ ಇದು ಗೊತ್ತೇ ಇರ್ಲಿಲ್ಲ,” ಎಂದರು ಚಿಕ್ಕ ಯಜಮಾನರು. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

“ಗೊತ್ತಿರ್ಲಿಲ್ಲ, ನಿಜ. ಗೊತ್ತಿದ್ರೆ ನೀವು ಈ ಚಿತ್ರಾನ ಇಲ್ಲಿಗೆ ಬರೋಕೇ ಬಿಡ್ತಿರ್ಲಿಲ್ಲ. ಕೆಳಗೆ ನೋಡಿದ್ರಾ ಅಂದ್ರೆ ನಿಮ್ಮ ಬೋರ್ಡ್ ಒಂದೇ ನೆನಪಿಗೆ ಬಂತು. ಎರಡನೆಯವರು, ಗೇಟಿನ ಹೊರಗೆ ನಿಂತು, ಬೀಗ ಒಡೆಯೋಕೆ ಕೈ ಹಾಕದೆ ಚಿತ್ರ ತೆಗೆದವರ ಮಗಳು.”

ಡಾಕ್ಟರ್ ತಲೆಯೆತ್ತಿದಳು. “ನನಗೆ ಗೊತ್ತಿತ್ತು. ತಳ ಕತ್ತರಿಸಿದ್ರೆ ಚಿತ್ರ ಬಿಗಿಯಾಗುತ್ತೆ ಅಂತಷ್ಟೇ ಮೊದಲು ಕತ್ತರಿಸಿದ್ರಂತೆ ಅಪ್ಪ. ವಿಚಾರಣೆ ಶುರುವಾದಾಗ ಗೊತ್ತಾಯ್ತಂತೆ ಏನು ಮಾಡಿದೀನಿ ಅಂತ. ಅಷ್ಟೊತ್ತಿಗೆ ಬಹುಮಾನ ಬಂದಿತ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತಾನೇ ಹೋಗ್ಬಿಟ್ರು. ನನಗೂ ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ. ಚಿತ್ರಾನೇ ಹೇಳ್ಲಿ ಅಂತ ಪೂರ್ತಿ ಹಾಕಿಸಿದೆ.”

“ಹಾಕಿಸಿದವರು ಅಳಿಸೋಕೆ ಬರಲ್ಲ. ಅಲ್ಲಿಗೆ ಉಳಿದವರು—” ಅತ್ತೆ ಸ್ಟೂಲಿನಿಂದ ಎದ್ದರು. ಮಂಡಿ ಹಿಡಿದುಕೊಂಡು ಚಿತ್ರದ ಬಳಿಗೆ ಹೋಗಿ ತೂತಿನ ಅಂಚಿಗೆ ಬೆರಳಿಟ್ಟರು. “ಎಲ್ಲರೂ ತೂತು ನೋಡಿದ್ವಿ. ಅಂಚು ನೋಡಲಿಲ್ಲ. ಈ ಕಡೆ ಬ್ಲೇಡ್ ಸಲೀಸಾಗಿ ಹೋಗಿದೆ, ಕೂದಲು, ಕಿವಿ ಎಲ್ಲ ಕತ್ತರಿಸ್ಕೊಂಡು. ಈ ಕಡೆ ಬಂದಾಗ ನಿಧಾನವಾಗಿದೆ. ತಂಗಿ ಕೆನ್ನೆ ಅಕ್ಕನ ಕೆನ್ನೆಗೆ ಅಂಟಿದೆ. ಬ್ಲೇಡ್ ಆ ಕೆನ್ನೆನ ಸುತ್ತಿ ಬಂದಿದೆ. ತಂಗಿ ಮುಖಕ್ಕೆ ಒಂದು ಗೀರಿಲ್ಲ. ಮಸಿನೂ ಅಷ್ಟೇ—ಸುತ್ತ ಎಲ್ಲ ಇದೆ, ಅವಳ ಮೇಲೆ ಒಂದು ಹನಿ ಇಲ್ಲ. ಬಳೀವಾಗ ಇನ್ನೊಂದು ಕೈ ಅಡ್ಡ ಹಿಡಿದಿದಾರೆ. ದ್ವೇಷದಿಂದ ಬಂದವನು ಇಷ್ಟು ನಾಜೂಕು ನೋಡ್ತಾನಾ? ಅವಸರದಲ್ಲಿ, ಯಾರು ಬರ್ತಾರೋ ಅನ್ನೋ ಭಯದಲ್ಲಿ, ಆ ಹುಡುಗಿ ಮುಖಕ್ಕೆ ಏನೂ ಆಗ್ಬಾರ್ದು ಅಂತ ಯಾರ ಕೈ ತಡೆಯುತ್ತೆ?”

ಅವರು ತಿರುಗಿದರು. ದನಿ ತಗ್ಗಿತ್ತು.

“ನಿಮ್ಮ ಮುಖ ಕತ್ತರಿಸ್ಕೊಳ್ಳೋಕೆ ನಿಮಗೆ ಏನೂ ಅನ್ನಿಸ್ಲಿಲ್ಲ. ಅವಳ ಮುಖಕ್ಕೆ ಮಾತ್ರ ಬ್ಲೇಡ್ ತಾಗಿಸೋಕೆ ಆಗಲಿಲ್ಲ. ಅಲ್ವಾ, ಬೆಂಕಿಯಮ್ಮ?”

ತಂಗಿ ನಕ್ಕುಬಿಟ್ಟರು. “ಏನ್ ಮಾತಾಡ್ತೀರಿ ನೀವು. ಹೇಳೇ, ಅಕ್ಕ. ಇಲ್ಲ ಅನ್ನು.”

ಬೆಂಕಿಯಮ್ಮ ಇಲ್ಲ ಅನ್ನಲಿಲ್ಲ. ಸೆರಗಿನೊಳಗೆ ಕೈಹಾಕಿ ಕಂದು ಲಕೋಟೆಯನ್ನು ತೆಗೆದು ಬೆಂಚಿನ ಮೇಲಿಟ್ಟರು. ಅದರ ಮೇಲೆ, ಮಡಚಿ ಇಟ್ಟಿದ್ದ ತಮ್ಮ ಮುಖವನ್ನು ಇಟ್ಟರು.

“ನೆಗೆಟಿವ್ ಸುಡ್ಬೇಕು ಅಂತಾನೇ ತಗೊಂಡೆ. ಸುಡ್ತಿದ್ನೋ ಇಲ್ವೋ ಗೊತ್ತಿಲ್ಲ. ಅದ್ರಲ್ಲೂ ಇವಳಿದಾಳೆ.”

“ಯಾಕೆ ಹೇಳಿದ್ರಿ ಆವತ್ತು, ಗೇಟು ತೆರೆದಿತ್ತು ಅಂತ?” ಎಂದು ಅತ್ತೆ ಕೇಳಿದರು.

“ಇವಳು ಆಸ್ಪತ್ರೇಲಿ ಉಸಿರಾಡೋಕೆ ಒದ್ದಾಡ್ತಿದ್ಲು. ದೊಡ್ಡ ಯಜಮಾನರು ಮಂಚದ ಹತ್ರ ಬಂದ್ರು. ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ, ಉಳಿತಾಳೆ, ನೀನು ಒಂದೇ ಒಂದು ಮಾತು ಹೇಳು ಅಂದ್ರು. ಹೇಳಿದೆ. ಇವಳು ಉಳಿದ್ಲು.” ಅವರು ಯಾರನ್ನೂ ನೋಡುತ್ತಿರಲಿಲ್ಲ. “ಇವತ್ತು ಆ ನೆಲ ನೋಡಿದ ತಕ್ಷಣ ಗೊತ್ತಾಯ್ತು. ಆ ಕಂಬಿ ಹಿಡ್ಕೊಂಡು ಕೂಗಿದವಳು ನಾನು. ಇವಳು ಇವತ್ತು ಮುಖ ಮಾತ್ರ ನೋಡಿದ್ಲು. ನಾಳೆ ನೆಲಾನೂ ನೋಡ್ತಾಳೆ, ಅಕ್ಕ ಏನು ಮಾಡಿದ್ಲು ಅಂತ ಗೊತ್ತಾಗುತ್ತೆ ಅಂತ ಹೆದರಿಕೆಯಾಯ್ತು. ಬೇರೆ ಯಾರಿಗೂ ಹೆದರಲಿಲ್ಲ.”

ತಂಗಿಯ ನಗು ಮುಖದ ಮೇಲೆ ಹಾಗೇ ಒಣಗಿತ್ತು. ಅವರು ಬೆಂಚಿನ ತುದಿಗೆ ಸರಿದು ಕುಳಿತರು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಾಯಿತು. ಬೆಂಕಿಯಮ್ಮ ಆ ಜಾಗವನ್ನೇ ನೋಡಿದರು. ಅತ್ತೆ ಹೆಸರು ಹೇಳಿದಾಗಲೂ ಅವರ ಮುಖ ಅಷ್ಟು ಕುಗ್ಗಿರಲಿಲ್ಲ.

ಬೀಗದಣ್ಣ ನಿಧಾನಕ್ಕೆ ನಡೆದು ಬಂದ. ಪರೀಕ್ಷೆಯ ಕಾಗದಕ್ಕೆ ಕೈಯೊಡ್ಡಿದ. ಅತ್ತೆ ಕೊಟ್ಟರು. ಬಹಳ ಹೊತ್ತು ನೋಡಿದ. ಆಮೇಲೆ ಬೆಂಕಿಯಮ್ಮನ ಮುಂದೆ ಬಂದು ನಿಂತ.

“ನಾನು ಕಲ್ಲೆತ್ತಿದ್ದು ನೀನು ನೋಡಿದ್ಯಾ?”

“ನೋಡಿದೆ.”

“ಕುಡಿದಿದ್ನಾ?”

“ಇಲ್ಲ. ಬೆರಳು ಜಜ್ಜಿ ರಕ್ತ ಸುರೀತಿತ್ತು ನಿನಗೆ. ಆದ್ರೂ ಹೊಡೀತಾನೇ ಇದ್ದೆ.”

ಸಬ್‌ಇನ್ಸ್‌ಪೆಕ್ಟರ್ ಕೆಮ್ಮಿದ. “ಹೇಳಿಕೆ ಬರ್ಕೋಬೇಕು ಮೇಡಂ. ಚಿತ್ರ ಹಾಳು ಮಾಡಿದ್ದಕ್ಕೂ, ಹಳೇ ಕೇಸಿಗೂ.”

“ಬರ್ಕೊಳ್ರಿ, ಎಲ್ಲಿಗೆ ಹೋಗ್ತಾಳೆ,” ಎಂದ ಬೀಗದಣ್ಣ. “ಅದಕ್ಕೆ ಮುಂಚೆ ನನ್ನ ಮನೆಗೆ ಬರ್ಲಿ. ನನ್ನ ಹೆಂಡ್ತಿ ಇದಾಳೆ. ಒಂದಿನಾನೂ ಬೈಲಿಲ್ಲ ಅವಳು. 'ಇರ್ಲಿ ಬಿಡಿ, ಆಗಿದ್ದು ಆಗೋಯ್ತು' ಅಂತಾಳೆ. ಅಂದ್ರೆ ನಂಬಿಲ್ಲ. ಇಷ್ಟು ವರ್ಷ ನನಗೆ ಅನ್ನ ಹಾಕ್ಕೊಂಡು, ಕುಡಿದು ಮಲಗಿದ್ದೆ ಅಂತಾನೇ ಅನ್ಕೊಂಡಿದಾಳೆ.”

ಬೆಂಕಿಯಮ್ಮ ಎದ್ದರು. ಒಂದು ಕ್ಷಣ ಬೆಂಚಿನ ಕಡೆ ನೋಡಿ, ಒಬ್ಬರೇ ಬಾಗಿಲ ಕಡೆ ಹೊರಟರು. ಹೊಸಿಲು ದಾಟುವಷ್ಟರಲ್ಲಿ ತಂಗಿಯೂ ಎದ್ದು ಬಂದರು. ಕೈ ಹಿಡಿಯಲಿಲ್ಲ. ಒಂದು ಹೆಜ್ಜೆ ಹಿಂದೆ ನಡೆದರು.

ನನ್ನ ಕಾರಿನಲ್ಲೇ ಹೋದೆವು; ಪೊಲೀಸ್ ಜೀಪ್ ಹಿಂದೆ ಬಂತು. ಇಳಿಜಾರಿನ ಬೀದಿ, ಕೊನೆಯ ಮನೆ. ಬಾಗಿಲು ತೆರೆದಾಕೆಯ ಕೈಯಲ್ಲಿ ಸೋಪಿನ ನೊರೆಯಿತ್ತು. ಪೊಲೀಸ್ ಜೀಪ್ ನೋಡಿ, ಗಂಡನ ಮುಖ ನೋಡಿ, “ಮತ್ತೆ ಏನಾಯ್ತು?” ಎಂದಳು.

ಬೆಂಕಿಯಮ್ಮ ಮುಂದೆ ಬಂದು, ಅಂಗಳದಲ್ಲೇ ನಿಂತು ಹೇಳಿದರು. ಗೇಟಿಗೆ ಬೀಗವಿತ್ತು. ಕೀಲಿ ಇವನ ಹತ್ತಿರ ಇರಲಿಲ್ಲ. ಇವನು ಕಲ್ಲಿನಿಂದ ಒಡೆದ. ಒಡೆದದ್ದರಿಂದಲೇ ನಾನೂ ನನ್ನ ತಂಗಿಯೂ ಬದುಕಿದೆವು. ನಾನು ಸುಳ್ಳು ಹೇಳಿದೆ.

ಆಕೆ ಕೈ ಒರೆಸಿಕೊಳ್ಳಲಿಲ್ಲ. ನೊರೆ ಮೊಣಕೈವರೆಗೆ ಇಳಿಯಿತು. ಗಂಡನ ಕಡೆ ನೋಡಲಿಲ್ಲ, ಬೆಂಕಿಯಮ್ಮನನ್ನೇ ನೋಡುತ್ತಿದ್ದಳು.

“ಇನ್ನೊಂದ್ಸಲ ಹೇಳಿ,” ಎಂದಳು.

ಬೆಂಕಿಯಮ್ಮ ಇನ್ನೊಮ್ಮೆ ಹೇಳಿದರು.